ಗ್ರೀನ್ ಟೀ ಮಾಕ್‌ಟೇಲ್: ಎಲೆ ಜಾಸ್ತಿ, ಹೊತ್ತು ಕಮ್ಮಿ

ಗ್ರೀನ್ ಟೀ ಹಾಕಿ ಮಾಡಿದ ತಂಪು ಪಾನೀಯಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೆಡುತ್ತವೆ. ಒಂದೋ ಅದು ನಿಂಬೆ ಶರಬತ್ತಿನ ಹಾಗಿರುತ್ತದೆ, ಟೀ ಎಲ್ಲಿದೆ ಅಂತ ಹುಡುಕಬೇಕು. ಇಲ್ಲವೇ ಮೊದಲ ಗುಟುಕಿಗೇ ಬಾಯೆಲ್ಲ ಕಹಿ. ಎರಡಕ್ಕೂ ಕಾರಣ ಒಂದೇ, ಟೀ ಮಾಡಿದ ರೀತಿ. ಬಿಸಿಯಾಗಿ ಕುಡಿಯಲು ಮಾಡುವಂಥ ಟೀಗೆ ಐಸ್, ನಿಂಬೆರಸ, ಸೋಡಾ ಎಲ್ಲಾ ಸೇರಿದರೆ ಅದು ನೀರಾಗಿ ಮಾಯವಾಗುತ್ತದೆ. ಹಾಗಂತ ಸ್ಟ್ರಾಂಗ್ ಆಗಲಿ ಅಂತ ಹತ್ತು ನಿಮಿಷ ಕುದಿಸಿದರೆ ಕಹಿ ಬಿಟ್ಟುಕೊಳ್ಳುತ್ತದೆ.

ದಾರಿ ಸುಲಭ. ಎಲೆ ಜಾಸ್ತಿ ಹಾಕಿ. ಹೊತ್ತನ್ನೂ ಬಿಸಿಯನ್ನೂ ಏರಿಸಬೇಡಿ. ಇದೊಂದು ಕೈಗೆ ಹತ್ತಿದರೆ ಉಳಿದದ್ದೆಲ್ಲ ಬೆರೆಸಿ ಕುಲುಕುವ ಕೆಲಸ ಅಷ್ಟೇ.

ಮಾಕ್‌ಟೇಲ್‌ಗೆ, ಅಂದರೆ ಮದ್ಯವಿಲ್ಲದ ಕಾಕ್‌ಟೇಲ್‌ಗೆ, ಗ್ರೀನ್ ಟೀ ಯಾಕೆ ಒಪ್ಪುತ್ತದೆ ಅನ್ನುವುದಕ್ಕೂ ಕಾರಣವಿದೆ. ಕಾಕ್‌ಟೇಲ್‌ನಲ್ಲಿ ಮದ್ಯ ಬರೀ ಅಮಲಿಗಾಗಿ ಇರುವುದಿಲ್ಲ. ಸಿಹಿ, ಹುಳಿಗಳ ಜೊತೆ ಒಂದು ಖಾರ, ಬಾಯಿ ಒಣಗಿಸುವಂಥ ಒಂದು ರುಚಿ, ಗುಟುಕು ಇಳಿದ ಮೇಲೂ ನಾಲಿಗೆಯಲ್ಲಿ ನಿಲ್ಲುವ ಹಿಡಿತ ಅದರಿಂದ ಬರುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಹಣ್ಣಿನ ರಸ. ಅದಕ್ಕೇ ಬಹಳಷ್ಟು ಮಾಕ್‌ಟೇಲ್‌ಗಳು ಅರ್ಧ ಗ್ಲಾಸಿಗೇ ಸಾಕೆನಿಸುತ್ತವೆ, ಅಷ್ಟು ಸಿಹಿ. ಗ್ರೀನ್ ಟೀಯ ಒಗರು ಆ ಖಾಲಿ ಜಾಗ ತುಂಬುತ್ತದೆ. ಜೊತೆಗೆ ಸ್ವಲ್ಪ ಶುಂಠಿ ಸೇರಿಸಿದರೆ ಗಂಟಲಿಗೆ ಬೇಕಾದ ಚುರುಕೂ ಸಿಗುತ್ತದೆ.

ಯಾವ ಟೀ?

ದುಬಾರಿ ಟೀ ಬೇಕಿಲ್ಲ. ಅದನ್ನು ಹಾಗೇ ಕುಡಿಯಿರಿ, ನಿಂಬೆರಸದ ಕೆಳಗೆ ಅದರ ನವಿರು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬಿಡಿ ಎಲೆ ಸಿಕ್ಕರೆ ಒಳ್ಳೆಯದು. ಟೀ ಬ್ಯಾಗಿನ ಪುಡಿ ಬೇಗ ಬಿಟ್ಟುಕೊಳ್ಳುತ್ತದೆ, ಬೇಗ ಕಹಿಯೂ ಆಗುತ್ತದೆ. ಬ್ಯಾಗೇ ಇದ್ದರೆ ಮುಂದೆ ಹೇಳುವ ಸಮಯದಲ್ಲಿ ಅರ್ಧ ನಿಮಿಷ ಕಡಿಮೆ ಮಾಡಿ.

ಸೆಂಚಾದಂಥ ಜಪಾನಿ ಟೀ ಎಲೆಗಳನ್ನು ಹಬೆಯಲ್ಲಿ ಬಾಡಿಸುತ್ತಾರೆ. ಹಾಗಾಗಿ ಅವುಗಳಲ್ಲಿ ಹಸಿ ಹುಲ್ಲಿನಂಥ ಪರಿಮಳ ಜಾಸ್ತಿ. ಸೌತೆಕಾಯಿ, ಪುದೀನಕ್ಕೆ ಇವು ಚೆನ್ನಾಗಿ ಹೊಂದುತ್ತವೆ. ಚೀನಾದ ಹೆಚ್ಚಿನ ಗ್ರೀನ್ ಟೀಗಳನ್ನು ಬಿಸಿ ಬಾಣಲೆಯಲ್ಲಿ ಹುರಿಯುತ್ತಾರೆ. ಅವುಗಳ ರುಚಿ ಸ್ವಲ್ಪ ಹುರಿಗಾಳಿನ ಕಡೆಗೆ ವಾಲುತ್ತದೆ, ಜೇನು ಮತ್ತು ಶುಂಠಿಗೆ ಇವೇ ಸರಿ. ಮಲ್ಲಿಗೆ ಹೂವಿನ ಪರಿಮಳ ಹಿಡಿಸಿದ ಜಾಸ್ಮಿನ್ ಗ್ರೀನ್ ಟೀ ಹಣ್ಣುಗಳಿಗೆ ಒಪ್ಪುತ್ತದೆ. ಮೊದಲೇ ನಿಂಬೆ, ಜೇನು ಅಂತ ಸುವಾಸನೆ ಬೆರೆಸಿದ ಟೀ ಬೇಡ. ಅದರಲ್ಲಿ ನಿಮ್ಮ ಕೈಗೆ ಕೆಲಸವೇ ಉಳಿಯುವುದಿಲ್ಲ.

ಟೀ ಇಳಿಸುವುದು

ಎಲೆಯೊಳಗೆ ನಮಗೆ ಮುಖ್ಯವಾದವು ಎರಡು. ಕ್ಯಾಟೆಚಿನ್‌ಗಳು ಕಹಿ ಮತ್ತು ಒಗರು ಕೊಡುತ್ತವೆ. ಥಿಯಾನಿನ್ ಅನ್ನುವ ಅಮೈನೋ ಆಮ್ಲ ನಾಲಿಗೆ ತುಂಬುವ ಮೆದು ರುಚಿ ಕೊಡುತ್ತದೆ. ಥಿಯಾನಿನ್ ತಣ್ಣೀರಿಗೂ ಸುಲಭವಾಗಿ ಇಳಿಯುತ್ತದೆ. ಕ್ಯಾಟೆಚಿನ್ ಹಾಗಲ್ಲ. ನೀರು ಬಿಸಿಯಾದಷ್ಟೂ, ಹೊತ್ತು ಹೋದಷ್ಟೂ ಅದು ಹೆಚ್ಚೆಚ್ಚು ಇಳಿಯುತ್ತದೆ. ಕುದಿಯುವ ನೀರು ಸುರಿದು ಮರೆತ ಗ್ರೀನ್ ಟೀ ಯಾಕೆ ಬಾಯಿಗಿಡಲಾಗುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ? ಎಲೆ ಹೆಚ್ಚಿಸಿ ಹೊತ್ತು ಇಳಿಸಿದರೆ ರುಚಿ ಗಟ್ಟಿಯಾಗುತ್ತದೆ, ಕಹಿ ಹಿಂದೆ ಉಳಿಯುತ್ತದೆ.

ಎರಡು ಗ್ಲಾಸಿಗೆ 300 ಮಿಲಿ ನೀರು, 6 ಗ್ರಾಂ ಎಲೆ ಸಾಕು. ಚಿಕ್ಕ ತಕ್ಕಡಿ ಇಲ್ಲದಿದ್ದರೆ ಸುಮಾರು 3 ಟೀ ಚಮಚ ಅಂದುಕೊಳ್ಳಿ. ಎಲೆ ತುಂಬಾ ಉದ್ದ, ಹಗುರ ಇದ್ದರೆ ಚಮಚದ ಲೆಕ್ಕ ತಪ್ಪುತ್ತದೆ, ಒಂದು ಚಮಚ ಜಾಸ್ತಿ ಹಾಕಿ. ಸಾಮಾನ್ಯವಾಗಿ ಒಂದು ಕಪ್ಪಿಗೆ ಹಾಕುವುದಕ್ಕಿಂತ ಇದು ಹೆಚ್ಚುಕಡಿಮೆ ಎರಡರಷ್ಟು.

ನೀರಿನ ಬಿಸಿ 75ರಿಂದ 80 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಯೋಚನೆ ಬೇಡ. ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ಸಾಮಾನ್ಯ ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿಗೆ ಬಂದು ನಿಲ್ಲುತ್ತದೆ. ಅಂದರೆ ಇಲ್ಲಿ 225 ಮಿಲಿ ಕುದಿಯುವ ನೀರು, 75 ಮಿಲಿ ತಣ್ಣೀರು. ಮೊದಲು ನೀರು ಬೆರೆಸಿ, ಆಮೇಲೆ ಎಲೆ ಹಾಕಿ. ಕುದಿಯುವ ನೀರಲ್ಲಿ ಎಲೆ ಹಾಕಿ ಆಮೇಲೆ ತಣ್ಣೀರು ಸುರಿದರೆ ಆಗುವ ನಷ್ಟ ಆಗಿಯೇ ಬಿಟ್ಟಿರುತ್ತದೆ.

ಮುಚ್ಚಿ, 2 ನಿಮಿಷ ಬಿಡಿ. ಗಡಿಯಾರ ನೋಡಿಕೊಳ್ಳಿ. ಸರಿಯಾಗಿ 2 ನಿಮಿಷಕ್ಕೆ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಕೊನೆಗೆ ಎಲೆಯನ್ನು ಚಮಚದಿಂದ ಒತ್ತಿ ಹಿಂಡಬೇಡಿ, ತಾನಾಗಿ ಇಳಿದಷ್ಟು ಸಾಕು. ಎಲೆ ಸ್ವಲ್ಪ ನೀರು ಕುಡಿಯುತ್ತದೆ. ಕೈಗೆ ಸಿಗುವುದು 270 ಮಿಲಿ ಆಸುಪಾಸು, ಎರಡು ಗ್ಲಾಸಿಗೆ ಅಷ್ಟು ಧಾರಾಳ.

ಇನ್ನು ತಣ್ಣಗಾಗಿಸುವುದು. ಬಿಸಿ ಟೀಗೆ ನೇರವಾಗಿ ಐಸ್ ಸುರಿಯುವ ಆಸೆ ಆಗುತ್ತದೆ. ಲೆಕ್ಕ ಹಾಕಿ ನೋಡಿ. 70 ಡಿಗ್ರಿಯ 300 ಮಿಲಿ ಟೀಯನ್ನು 10 ಡಿಗ್ರಿಗೆ ಇಳಿಸಲು ಸುಮಾರು 200 ಗ್ರಾಂ ಐಸ್ ಪೂರ್ತಿ ಕರಗಬೇಕು. ಅಷ್ಟು ನೀರು ಸೇರಿದ ಮೇಲೆ ನಾವು ಎಲೆ ಜಾಸ್ತಿ ಹಾಕಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಬದಲಿಗೆ ದೊಡ್ಡ ಬೋಗುಣಿಯಲ್ಲಿ ಐಸ್ ಮತ್ತು ನೀರು ಹಾಕಿ, ಅದರೊಳಗೆ ಟೀ ಇರುವ ಸ್ಟೀಲ್ ಪಾತ್ರೆ ಇಟ್ಟು ಆಗಾಗ ಕಲಕಿ. ಸ್ಟೀಲ್ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಹೆಚ್ಚು ಕಾಯಬೇಕಾಗಿಲ್ಲ. ಆಮೇಲೆ ಫ್ರಿಜ್ಜಿಗೆ ಹಾಕಿ.

ಸ್ಟ್ರಾಂಗ್ ಟೀ ತಣ್ಣಗಾದಾಗ ಕೆಲವೊಮ್ಮೆ ಮಬ್ಬಾಗುತ್ತದೆ. ಟೀಯೊಳಗಿನ ಕೆಫೀನ್ ಮತ್ತು ಕ್ಯಾಟೆಚಿನ್‌ನಂಥ ಪಾಲಿಫಿನಾಲ್‌ಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಹಾಗಾಗುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ. ರುಚಿಗೆ ಏನೂ ಆಗಿರುವುದಿಲ್ಲ, ನೋಟ ಮಾತ್ರ ಸ್ವಲ್ಪ ಮಂಕು.

ಕನ್ನಡಿಯಂತೆ ತಿಳಿಯಾಗಿರಬೇಕು ಅನ್ನುವವರಿಗೆ, ಬೆಂಕಿಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. 500 ಮಿಲಿ ತಣ್ಣೀರಿಗೆ 10 ಗ್ರಾಂ ಎಲೆ ಹಾಕಿ, ಮುಚ್ಚಿ, 6ರಿಂದ 8 ಗಂಟೆ ಫ್ರಿಜ್ಜಿನಲ್ಲಿಟ್ಟು ಸೋಸಿ. ರಾತ್ರಿ ಇಟ್ಟರೆ ಬೆಳಿಗ್ಗೆ ಸಿದ್ಧ. ತಣ್ಣೀರಿಗೆ ಕಹಿಯೂ ಕೆಫೀನೂ ಕಡಿಮೆ ಇಳಿಯುತ್ತವೆ, ಹಾಗಾಗಿ ಟೀ ಮೆದುವಾಗಿ, ಒಂಚೂರು ಸಿಹಿಯಾಗಿಯೇ ಇರುತ್ತದೆ. ಆದರೆ ಮಾಕ್‌ಟೇಲ್‌ಗೆ ನನ್ನ ಓಟು ಬಿಸಿನೀರಿನ ಟೀಗೇ. ಆ ಒಗರಿಗಾಗಿಯೇ ಅಲ್ವಾ ನಾವು ಟೀ ಹಾಕುತ್ತಿರುವುದು? ತಣ್ಣೀರಿನ ಟೀ ನಿಂಬೆ, ಶುಂಠಿಯ ಎದುರು ಸ್ವಲ್ಪ ಬಗ್ಗಿಬಿಡುತ್ತದೆ. ಹಣ್ಣಿನ ಜೊತೆ ಮಾತ್ರ ಅದೇ ಚೆಂದ.

ಸಿಹಿ, ಹುಳಿ, ಸೊಪ್ಪು

ಸಕ್ಕರೆಯನ್ನು ಹಾಗೇ ಹಾಕಬೇಡಿ, ತಣ್ಣನೆ ಟೀಯಲ್ಲಿ ಅದು ತಳ ಹಿಡಿದು ಕೂರುತ್ತದೆ. 100 ಗ್ರಾಂ ಸಕ್ಕರೆಗೆ 100 ಮಿಲಿ ನೀರು ಹಾಕಿ, ಕರಗುವವರೆಗೆ ಮಾತ್ರ ಬಿಸಿ ಮಾಡಿ ಇಳಿಸಿ. ಎಳೆ ಪಾಕ ಬರುವ ತನಕ ಕಾಯಿಸುವ ಅಗತ್ಯವಿಲ್ಲ. ಜೇನು ಬೇಕಿದ್ದರೆ ಎರಡು ಪಾಲು ಜೇನಿಗೆ ಒಂದು ಪಾಲು ಬೆಚ್ಚಗಿನ ನೀರು ಬೆರೆಸಿಟ್ಟುಕೊಳ್ಳಿ. ಇಲ್ಲದಿದ್ದರೆ ಐಸ್ ತಾಗಿದ ಕೂಡಲೇ ಜೇನು ಗಟ್ಟಿಯಾಗಿ ಚಮಚಕ್ಕೆ ಅಂಟುತ್ತದೆ.

ನಿಂಬೆರಸ ಆಗಲೇ ಹಿಂಡಿದ್ದು ಆಗಬೇಕು. ಬಾಟಲಿಯ ರಸದಲ್ಲಿ ಹುಳಿ ಇರುತ್ತದೆ, ಘಮ ಇರುವುದಿಲ್ಲ. ಹಿಂಡುವ ಮುಂಚೆ ಸಿಪ್ಪೆಯ ಒಂದು ಪಟ್ಟಿ ತೆಗೆದಿಟ್ಟುಕೊಳ್ಳಿ, ಒಳಗಿನ ಬಿಳಿ ಭಾಗ ಆದಷ್ಟು ಬರದಂತೆ. ಟೀಗೆ ನಿಂಬೆರಸ ಬಿದ್ದಾಗ ಬಣ್ಣ ತಿಳಿಯಾಗುವುದನ್ನೂ ಗಮನಿಸಿ. ಗ್ರೀನ್ ಟೀ ಗಾಳಿಗೆ ಒಡ್ಡಿಕೊಂಡು ಕಂದು ಬಣ್ಣಕ್ಕೆ ತಿರುಗುವುದನ್ನು ವಿಟಮಿನ್ ಸಿ ನಿಧಾನ ಮಾಡುತ್ತದೆ. ಬಾಟಲಿಯಲ್ಲಿ ಮಾರುವ ಗ್ರೀನ್ ಟೀಗಳಿಗೆ ಅದನ್ನು ಸೇರಿಸುವುದು ಇದಕ್ಕೇ.

ಪುದೀನವನ್ನು ಜಜ್ಜಿ ಹಸಿರು ಚಟ್ನಿ ಮಾಡಿಬಿಡುವವರು ತುಂಬಾ ಜನ. ಪರಿಮಳದ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇರುತ್ತದೆ. ಅದನ್ನು ಎಬ್ಬಿಸಲು ಎಲೆಯನ್ನು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು. ಜಜ್ಜಿದರೆ ಎಲೆಯೊಳಗಿನ ಕಹಿ ರಸವೂ ಬಂದು, ಅಷ್ಟು ಜೋಪಾನವಾಗಿ ಇಳಿಸಿದ ಟೀಯನ್ನು ಹಾಳು ಮಾಡುತ್ತದೆ. ಸೌತೆಕಾಯಿ, ಶುಂಠಿಯನ್ನು ಮಾತ್ರ ಧಾರಾಳವಾಗಿ ಜಜ್ಜಬಹುದು. ಸೌತೆಕಾಯಿಯ ತುದಿ ಕಚ್ಚಿ ನೋಡಿ ಹಾಕಿ, ಕಹಿ ಸೌತೆ ಒಂದು ಬಿದ್ದರೆ ಮುಗಿಯಿತು.

ಈಗ ಬೆರೆಸೋಣ

ಒಂದು ಗ್ಲಾಸಿಗೆ ಬೇಕಾದದ್ದು: 120 ಮಿಲಿ ತಣ್ಣಗಾದ ಸ್ಟ್ರಾಂಗ್ ಗ್ರೀನ್ ಟೀ, 20 ಮಿಲಿ ನಿಂಬೆರಸ, 25 ಮಿಲಿ ಸಕ್ಕರೆ ನೀರು, 4 ತೆಳು ಬಿಲ್ಲೆ ಸೌತೆಕಾಯಿ, ಬೆರಳಿನ ಉಗುರಿನಷ್ಟು ಶುಂಠಿ, 6–8 ಪುದೀನ ಎಲೆ, ಒಂದು ಸಣ್ಣ ಚಿಟಿಕೆ ಉಪ್ಪು, 60 ಮಿಲಿ ತಣ್ಣನೆ ಸೋಡಾ, ಬೇಕಾದಷ್ಟು ಐಸ್. ಗ್ಲಾಸು 350 ಮಿಲಿ ಹಿಡಿಯುವ ಉದ್ದನೆಯದಾಗಿರಲಿ. ಶೇಕರ್ ಇಲ್ಲವೇ? ಗಟ್ಟಿ ಮುಚ್ಚಳದ ಅಗಲ ಬಾಯಿಯ ಬಾಟಲಿ ಆಗುತ್ತದೆ.

1. ಗ್ಲಾಸನ್ನು ಹತ್ತು ನಿಮಿಷ ಫ್ರೀಜರಿನಲ್ಲಿಡಿ.

2. ಶೇಕರಿಗೆ ಸೌತೆಕಾಯಿ, ಶುಂಠಿ, ಸಕ್ಕರೆ ನೀರು ಹಾಕಿ ಮರದ ಸೌಟಿನ ಹಿಡಿಯಿಂದ ಜಜ್ಜಿ. ರಸ ಬಿಟ್ಟರೆ ಸಾಕು, ನುಣ್ಣಗಾಗುವುದು ಬೇಡ.

3. ನಿಂಬೆರಸ, ಉಪ್ಪು, ಟೀ ಸೇರಿಸಿ. ಉಪ್ಪು ಯಾಕೆ ಅಂದರೆ, ಒಂದು ಚಿಟಿಕೆ ಉಪ್ಪು ಕಹಿಯನ್ನು ನಾಲಿಗೆಯಿಂದ ಮರೆಮಾಡುತ್ತದೆ. ಉಪ್ಪಿನ ರುಚಿ ಗೊತ್ತಾದರೆ ಜಾಸ್ತಿ ಆಯಿತು ಅಂತ ಅರ್ಥ.

4. ಅರ್ಧದಷ್ಟು ಪುದೀನವನ್ನು ಅಂಗೈಯಲ್ಲಿ ತಟ್ಟಿ ಹಾಕಿ. 5–6 ಐಸ್ ತುಂಡು ಹಾಕಿ ಮುಚ್ಚಿ, 12ರಿಂದ 15 ಸೆಕೆಂಡು ಜೋರಾಗಿ ಕುಲುಕಿ. ಶೇಕರಿನ ಹೊರಮೈ ಕೈಗೆ ಚುರುಕ್ ಅನ್ನುವಷ್ಟು ತಣ್ಣಗಾಗಬೇಕು. ಟೀ ಕುಲುಕಿದಾಗ ತಾನೇ ಒಂದಿಷ್ಟು ನೊರೆ ಕಟ್ಟುತ್ತದೆ, ಅದೇ ಇದರ ಸೊಗಸು.

5. ಗ್ಲಾಸಿಗೆ ಅಂಚಿನವರೆಗೂ ಹೊಸ ಐಸ್ ತುಂಬಿ. ಐಸ್ ಜಾಸ್ತಿ ಆದರೆ ನೀರಾಗುತ್ತದೆ ಅಂತ ಭಯ ಬೇಡ, ಆಗುವುದು ತದ್ವಿರುದ್ಧ. ಎರಡೇ ತುಂಡು ಹಾಕಿದರೆ ಅವು ಬೇಗ ಕರಗಿ ಮುಗಿಯುತ್ತವೆ. ಗ್ಲಾಸು ತುಂಬಾ ಇದ್ದರೆ ಪಾನೀಯ ಬೇಗ ತಣ್ಣಗಾಗಿ, ಐಸ್ ಕರಗುವುದೂ ನಿಧಾನವಾಗುತ್ತದೆ. ದೊಡ್ಡ ತುಂಡುಗಳಾದರೆ ಇನ್ನೂ ಒಳ್ಳೆಯದು.

6. ಶೇಕರಿನಲ್ಲಿರುವುದನ್ನು ಸಣ್ಣ ಜರಡಿಯ ಮೂಲಕ ಸುರಿಯಿರಿ.

7. ಸೋಡಾ ಕೊನೆಗೆ, ಗ್ಲಾಸಿನ ಒಳಗೋಡೆಗೆ ತಾಗಿಸಿ ನಿಧಾನಕ್ಕೆ. ಸೋಡಾ ಫ್ರಿಜ್ಜಿನಿಂದ ಆಗ ತಾನೇ ತೆಗೆದದ್ದಾಗಿರಲಿ, ಗ್ಯಾಸು ತಣ್ಣಗಿನ ನೀರಿನಲ್ಲೇ ಚೆನ್ನಾಗಿ ನಿಲ್ಲುವುದು. ಅದನ್ನು ಮರೆತೂ ಶೇಕರಿಗೆ ಹಾಕಬೇಡಿ, ಮುಚ್ಚಳ ಹಾರಿ ಅಡುಗೆಮನೆಯೆಲ್ಲ ಟೀ ಆಗುತ್ತದೆ. ಉದ್ದ ಚಮಚದಿಂದ ತಳದಿಂದ ಮೇಲಕ್ಕೆ ಒಂದೇ ಸಲ ಎತ್ತಿ ಬಿಡಿ.

8. ತೆಗೆದಿಟ್ಟ ನಿಂಬೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಡಿದು, ಹೊರಮೈ ಕೆಳಗೆ ಬರುವಂತೆ ಮಡಚಿ ಹಿಂಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಹನಿಗಳು ನೊರೆಯ ಮೇಲೆ ಬೀಳುತ್ತವೆ. ಉಳಿದ ಪುದೀನದ ಕುಡಿಯನ್ನು ತಟ್ಟಿ, ಕುಡಿಯುವಾಗ ಮೂಗಿಗೆ ತಾಗುವ ಹಾಗೆ ಅಂಚಿಗೆ ಸಿಕ್ಕಿಸಿ. ಇವೆರಡು ಅಲಂಕಾರಕ್ಕಲ್ಲ. ರುಚಿಯಲ್ಲಿ ದೊಡ್ಡ ಪಾಲು ಮೂಗಿನದು.

ರುಚಿ ನೋಡುವುದು ಐಸ್ ಹಾಕಿದ ಮೇಲೆ. ತಂಪಿಗೆ ಸಿಹಿ ಮಂಕಾಗುತ್ತದೆ. ಮೊದಲು ಒಂಚೂರು ಜಾಸ್ತಿ ಸಿಹಿ ಅನಿಸಿದ್ದು ಐಸ್ ತಾಗಿದ ಮೇಲೆ ಸರಿಯಾಗಿರುತ್ತದೆ. ಹುಳಿ ಹೆಚ್ಚಾದರೆ ಸಕ್ಕರೆ ನೀರನ್ನು ಒಂದೊಂದು ಚಮಚ ಸೇರಿಸಿ. ಸಪ್ಪೆ ಅನಿಸಿದರೆ ಕೈ ಸಕ್ಕರೆ ಕಡೆ ಹೋಗುತ್ತದೆ, ಆದರೆ ಬೇಕಾಗಿರುವುದು ಸಾಮಾನ್ಯವಾಗಿ ಇನ್ನೆರಡು ಹನಿ ನಿಂಬೆರಸ. ಕಹಿ ಬಂದಿದ್ದರೆ ಉಪ್ಪಿನ ಇನ್ನೊಂದು ಕಣ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ತುಂಬಾ ಕಹಿಯಾಗಿದ್ದರೆ ಟೀ ಮತ್ತೆ ಇಳಿಸುವುದೇ ವಾಸಿ. ಸಿಹಿ ಸುರಿದು ಸರಿ ಮಾಡಲು ಹೋದರೆ ಎರಡೂ ಇಲ್ಲ.

ನೊರೆ ದಪ್ಪಗೆ, ನುಣ್ಣಗೆ ಬೇಕಿದ್ದರೆ ಕಾಬೂಲಿ ಕಡಲೆ ಬೇಯಿಸಿದ ಮಂದ ನೀರು 20 ಮಿಲಿ ಸೇರಿಸಿ. ಮೊದಲು ಐಸ್ ಇಲ್ಲದೆ ಹತ್ತು ಸೆಕೆಂಡು ಕುಲುಕಿ, ಆಮೇಲೆ ಐಸ್ ಹಾಕಿ ಮತ್ತೆ ಕುಲುಕಿ. ಕೇಳಲು ವಿಚಿತ್ರ, ಆದರೆ ನಿಂಬೆಯ ಮುಂದೆ ಕಡಲೆಯ ವಾಸನೆ ಬರುವುದಿಲ್ಲ. ಉಪ್ಪು ಹಾಕದೆ ಬೇಯಿಸಿದ ನೀರಾಗಿರಬೇಕು.

ಬದಲಾಯಿಸಿ ನೋಡುವುದಾದರೆ

ಹಸಿರು ದ್ರಾಕ್ಷಿ ಮತ್ತು ಜಾಸ್ಮಿನ್ ಟೀ ಒಳ್ಳೆಯ ಜೋಡಿ. ತಣ್ಣೀರಿನಲ್ಲಿ ನೆನೆಸಿದ ಟೀ 120 ಮಿಲಿ ತೆಗೆದುಕೊಳ್ಳಿ. ಸೌತೆಕಾಯಿ, ಶುಂಠಿಯ ಬದಲು ಎಂಟು ಹತ್ತು ದ್ರಾಕ್ಷಿ ಜಜ್ಜಿ. ಸಕ್ಕರೆ ನೀರನ್ನು 10 ಮಿಲಿಗೆ, ನಿಂಬೆರಸವನ್ನು 15 ಮಿಲಿಗೆ ಇಳಿಸಿ. ಪುದೀನ ಬೇಡ, ಮಲ್ಲಿಗೆಯ ಘಮವನ್ನು ಅದು ಮುಚ್ಚಿಹಾಕುತ್ತದೆ.

ಬಾಣಲೆಯಲ್ಲಿ ಹುರಿದ ಬಗೆಯ ಟೀ ಇದ್ದರೆ ಸೌತೆಕಾಯಿ ಬಿಟ್ಟು, ಶುಂಠಿ ಎರಡರಷ್ಟು ಮಾಡಿ, ಸಕ್ಕರೆ ನೀರಿನ ಜಾಗಕ್ಕೆ 20 ಮಿಲಿ ಜೇನು ನೀರು ಹಾಕಿ. ಖಾರ ಇಷ್ಟಪಡುವವರಿಗೆ ಇದೇ ಮೊದಲನೆಯದಕ್ಕಿಂತ ಹಿಡಿಸಬಹುದು. ನನಗಂತೂ ಹಿಡಿಸಿದೆ.

ಮಾಚಾ ಬೇರೆಯೇ ಲೆಕ್ಕ. ಅದು ಎಲೆಯ ಪುಡಿ, ಸೋಸುವುದಿಲ್ಲ, ಪೂರ್ತಿ ಹೊಟ್ಟೆಗೇ ಹೋಗುತ್ತದೆ. ಅರ್ಧ ಟೀ ಚಮಚ ಪುಡಿಯನ್ನು ಜರಡಿ ಹಿಡಿದು, 80 ಡಿಗ್ರಿಯ 40 ಮಿಲಿ ನೀರಿನಲ್ಲಿ ಗಂಟಿಲ್ಲದಂತೆ ಕಡೆಯಿರಿ. ಗ್ಲಾಸಿಗೆ 100 ಮಿಲಿ ಕಿತ್ತಳೆ ರಸ ಹಾಕಿ, ಐಸ್ ತುಂಬಿ, ಮೇಲೆ 50 ಮಿಲಿ ಸೋಡಾ, ಅದರ ಮೇಲೆ ಮಾಚಾವನ್ನು ಐಸ್ ತುಂಡಿನ ಮೇಲೆ ಬೀಳುವಂತೆ ನಿಧಾನವಾಗಿ ಸುರಿಯಿರಿ. ಸಕ್ಕರೆ ಇರುವ ಹಣ್ಣಿನ ರಸ ಭಾರ, ಹಾಗಾಗಿ ಕೆಳಗೇ ನಿಲ್ಲುತ್ತದೆ. ಕೆಳಗೆ ಕಿತ್ತಳೆ, ಮೇಲೆ ಹಸಿರು. ಫೋಟೊ ತೆಗೆದಾದ ಮೇಲೆ ಕಲಕಿ ಕುಡಿಯಿರಿ, ಪದರ ಪದರವಾಗಿ ಕುಡಿದರೆ ಮೊದಲರ್ಧ ಬರೀ ಕಹಿ.

ಹಾಲು, ಕೆನೆ ಇಂಥದ್ದನ್ನು ಈ ಯಾವುದಕ್ಕೂ ಸೇರಿಸಬೇಡಿ. ಹುಳಿ ತಾಗಿದರೆ ಒಡೆಯುತ್ತದೆ.

ಕೊಡುವ ಮುಂಚೆ

ಮದ್ಯ ಬೇಡವೇ ಬೇಡ ಅನ್ನುವವರಿಗೆ ಕೊಡುವುದಾದರೆ ಸೇರಿಸುವ ಪ್ರತಿಯೊಂದರ ಲೇಬಲ್ ಓದಿ. ಕಾಕ್‌ಟೇಲ್‌ಗೆ ಹನಿ ಹನಿಯಾಗಿ ಹಾಕುವ ಬಿಟರ್ಸ್ ಹೆಚ್ಚಿನವು ಆಲ್ಕೋಹಾಲಿನಲ್ಲೇ ತಯಾರಾದವು. ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಕೂಡ ಹಾಗೇ. ಹುದುಗಿಸಿದ ಟೀ ಕೊಂಬುಚಾದಲ್ಲೂ ಅಲ್ಪಸ್ವಲ್ಪ ಆಲ್ಕೋಹಾಲ್ ಇರುತ್ತದೆ.

ಕೆಫೀನ್ ಬಗ್ಗೆಯೂ ಹೇಳಿಬಿಡಿ. 240 ಮಿಲಿಯ ಒಂದು ಕಪ್ ಗ್ರೀನ್ ಟೀಯಲ್ಲಿ ಸರಾಸರಿ 30 ಮಿಲಿಗ್ರಾಂ ಆಸುಪಾಸು ಕೆಫೀನ್ ಇರುತ್ತದೆ. ನಮ್ಮ ಒಂದು ಗ್ಲಾಸಿನ 120 ಮಿಲಿ ಟೀಗೆ ಹೋಗುವ ಎಲೆ ಸುಮಾರು ಎರಡೂವರೆ ಗ್ರಾಂ. ಅಂದರೆ ಹೆಚ್ಚುಕಡಿಮೆ ಒಂದು ಕಪ್ ಟೀ ಕುಡಿದಷ್ಟೇ. ಆದರೆ ತಣ್ಣಗೆ, ಸಿಹಿಯಾಗಿ ಇರುವುದರಿಂದ ಮೂರು ಗ್ಲಾಸು ಹೋದದ್ದೇ ತಿಳಿಯುವುದಿಲ್ಲ. ರಾತ್ರಿ ನಿದ್ದೆ ಬರದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಇದು ಗೊತ್ತಿರಬೇಕು. ಕಬ್ಬಿಣದ ಅಂಶ ಕಡಿಮೆ ಇರುವವರು ಊಟದ ಜೊತೆ ಕುಡಿಯದಿರುವುದು ಒಳ್ಳೆಯದು. ಸೊಪ್ಪು, ಕಾಳುಗಳಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಟೀ ಅಡ್ಡಿ ಮಾಡುತ್ತದೆ.

ಹತ್ತು ಜನಕ್ಕೆ ಮಾಡುವಾಗ ಒಂದೊಂದೇ ಗ್ಲಾಸು ಕುಲುಕುತ್ತಾ ನಿಲ್ಲಬೇಡಿ. 1.2 ಲೀಟರ್ ಟೀ, 200 ಮಿಲಿ ನಿಂಬೆರಸ, 250 ಮಿಲಿ ಸಕ್ಕರೆ ನೀರು, ಹಿಂಡಿದ ಶುಂಠಿ ರಸ 4 ಟೀ ಚಮಚ, ಕಾಲು ಟೀ ಚಮಚ ಉಪ್ಪು, ಜಜ್ಜಿದ ಒಂದು ಸೌತೆಕಾಯಿ ಎಲ್ಲವನ್ನೂ ದೊಡ್ಡ ಜಗ್ಗಿನಲ್ಲಿ ಬೆರೆಸಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಕೊಡುವ ಹೊತ್ತಿಗೆ ಸೋಸಿ, ಪುದೀನ ತಟ್ಟಿ ಹಾಕಿ. ಜಗ್ಗಿಗೆ ಐಸ್, ಸೋಡಾ ಹಾಕಬೇಡಿ, ಅವು ಗ್ಲಾಸಿನಲ್ಲೇ ಸೇರಲಿ. ಇಲ್ಲಿ ಕುಲುಕುವಾಗ ಕರಗುವ ಐಸಿನ ನೀರು ಇರುವುದಿಲ್ಲ, ಹಾಗಾಗಿ ಗ್ಲಾಸಿಗೆ 60ರ ಬದಲು 80 ಮಿಲಿ ಸೋಡಾ ಹಾಕಿ. ಐಸನ್ನೇ ಟೀಯಲ್ಲಿ ಮಾಡಿಟ್ಟುಕೊಂಡರೆ ಕೊನೆಯ ಗುಟುಕಿನವರೆಗೂ ರುಚಿ ತೆಳ್ಳಗಾಗುವುದಿಲ್ಲ.

ಸೋಸಿದ ಟೀಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಒಂದು ದಿನದೊಳಗೆ ಮುಗಿಸಿ. ಸಕ್ಕರೆ ನೀರು ಶುದ್ಧ ಬಾಟಲಿಯಲ್ಲಿ ಎರಡು ವಾರ ಇರುತ್ತದೆ. ಎರಡೇ ನಿಮಿಷ ನೆನೆದ ಎಲೆಯಲ್ಲಿ ಇನ್ನೂ ಸಾಕಷ್ಟು ರುಚಿ ಉಳಿದಿರುತ್ತದೆ. ಒಣಗುವ ಮುಂಚೆ ಮತ್ತೆ 80 ಡಿಗ್ರಿಯ ನೀರು ಹಾಕಿದರೆ ಮಾಡಿದವರಿಗೆ ಒಂದು ಕಪ್ ಬಿಸಿ ಟೀ ಸಿಗುತ್ತದೆ.